ತಳ್ಳುಗಾಡಿ ಪರೀಕ್ಷೆ ಮಾಡಿದ ಬಗ್ಗೆ

ನಾನು ಮುದಸ್ಸಿರ್ ತಂದೆ ಗನಿಸಾಬ, ವಯಸ್ಸು 19 ವರ್ಷ, ಉದ್ಯೋಗ ಫರ್ಶಿ (ನೆಲಹಾಸು) ಕಲ್ಲು ಪಾಲಿಶ್ ಕೆಲಸ, ವಾಸ ಶಹಾಬಾದ, ವಾಡಿ ಪೊಲೀಸ್ ಠಾಣೆಯಲ್ಲಿ ನಾನಾಗಿಯೇ ಹೇಳಿ ಬರೆಯಿಸಿದ್ದು ಏನೆಂದರೆ:

ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟಿದ್ದೇನೆ. ಕಾರಣ ಕೇಳಿದ್ದಕ್ಕೆ, ಒಂದೇ ಕಡೆ ಕೂರಲು ಆಗುತ್ತಿರಲಿಲ್ಲ ಎಂದು ಹೇಳಿದ್ದೇನೆ.

ನನ್ನ ಅಕ್ಕ ಶಗುಫ್ತಾಳ ಮಗಳು ಮಹೆವಿಶ, ವಯಸ್ಸು ನಾಲ್ಕೂವರೆ, ತೂಕ 14 ಕಿಲೋ. ಎರಡು ವರ್ಷದ ಹಿಂದೆ ಜ್ವರ ಬಂದ ಮೇಲೆ ಅವಳ ಎಡಗಾಲಿಗೆ ಬಲ ಕಡಿಮೆ. ಐವತ್ತು ಹೆಜ್ಜೆ ನಡೆದರೆ ಕುಳಿತುಬಿಡುತ್ತಾಳೆ. ಇಂದು ಸಂಜೆ 5.40ರ ರೈಲಿಗೆ ನಾವು ಮನೆಯವರೆಲ್ಲ ವಾಡಿಯಿಂದ ಹೈದರಾಬಾದಿಗೆ, ಮಕ್ಕಳ ಆಟದ ದೊಡ್ಡ ಪಾರ್ಕು ನೋಡಲು ಹೊರಡುವವರಿದ್ದೆವು. ಮೊಬೈಲಿನಲ್ಲಿ ತರಿಸಿದ ಸ್ಟ್ರೋಲರ್, ಅಂದರೆ ಮಕ್ಕಳ ತಳ್ಳುಗಾಡಿ, ಮೂರು ದಿನದ ಹಿಂದೆ ಬಂದಿತು. ಅದು ಚಿಕ್ಕದು, ಮಗುವಿನ ಕಾಲು ನೆಲಕ್ಕೆ ತಾಗುತ್ತಿತ್ತು. ವಾಪಸು ಮಾಡಿದೆವು. ಇಂದು ಬೆಳಿಗ್ಗೆ ಅಕ್ಕ, "ಗಾಡಿ ಸಿಕ್ರ ಆಕಿ ಬರ್ತಾಳ, ಇಲ್ಲಾಂದ್ರ ನಾನಿ ಬಲ್ಲಿ ಬಿಟ್ಟು ಹೋಗೋದು" ಎಂದಳು. ನಾನಿ ಎಂದರೆ ನಮ್ಮ ತಾಯಿ, ಅವರು ಊರಲ್ಲೇ ಉಳಿಯುವವರಿದ್ದರು. ಮಗು ಬಾಗಿಲ ಹಿಂದೆ ನಿಂತು ಇದನ್ನು ಕೇಳಿಸಿಕೊಂಡಿತ್ತು. ಆಮೇಲೆ ಊಟ ಮಾಡಲಿಲ್ಲ.

ಮಧ್ಯಾಹ್ನ 1.30ಕ್ಕೆ ನಾನು ಮೋಟರ್ ಸೈಕಲ್ ಮೇಲೆ ವಾಡಿಗೆ ಬಂದೆ. ಜೊತೆಗೆ ತಲಾ 14 ಕಿಲೋದ ಎರಡು ಫರ್ಶಿ ಕಲ್ಲು ತಂದಿದ್ದೆ. ನಮ್ಮ ಪಾಲಿಶ್ ಅಂಗಳದಲ್ಲಿ ಕಲ್ಲು ಸಾಗಿಸುವ ಹೊಸ ಕೈಗಾಡಿ ಕೊಳ್ಳುವಾಗ ಹೊರಬೇಕಾದ ಭಾರದ ಎರಡರಷ್ಟು ಕಲ್ಲು ಇಟ್ಟು, ಹದಗೆಟ್ಟ ದಾರಿಯಲ್ಲಿ ಓಡಿಸಿ, ಕಲ್ಲು ಕೆಡವಿ ಗಾಲಿ ನೋಡುತ್ತಾರೆ. ನನಗೆ ಗೊತ್ತಿರುವ ಪರೀಕ್ಷೆ ಅದೊಂದೇ.

ಶ್ರೀನಿವಾಸ ಎಂಬವರ ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಎರಡು ಗಾಡಿ ಇದ್ದವು. ನೀಲಿಯದು ಚೆಂದ, ಮಡಚಲು ಬರುತ್ತದೆ. ಬೂದಿ ಬಣ್ಣದ್ದು ಒಡ್ಡೊಡ್ಡಾಗಿದೆ, ಗಾಲಿ ದೊಡ್ಡವು. ಅಕ್ಕ ಮೊಬೈಲಿಗೆ ಕಳಿಸಿದ ಫೋಟೋ ನೋಡಿ ನೀಲಿ ಎಂದಳು. ನೀಲಿ ಗಾಡಿಯಲ್ಲಿ ಕಲ್ಲು ಇಟ್ಟು ಅಂಗಡಿಯ ಮುಂದೆ 20 ಮೀಟರ್ ತಳ್ಳುವಷ್ಟರಲ್ಲಿ ಹಿಂದಿನ ಗಾಲಿ ಸೊಟ್ಟಗಾಯಿತು. ಸೊಟ್ಟ ಮಾಡಿದವನು ನಾನೇ, ರಿಪೇರಿ ಮಾಡಿಸಿಕೊಡುವವನೂ ನಾನೇ. ಶ್ರೀನಿವಾಸ ಅವರು, "ನೀ ಕೂಸಿಗಿ ಗಾಡಿ ತಗೋಳಾಕ ಬಂದೀಯೋ, ಮನಿ ಕಟ್ಟಾಕ ಬಂದೀಯೋ?" ಎಂದರು. ಬೂದಿ ಗಾಡಿಯನ್ನು ಪರೀಕ್ಷೆಗೆ ಕೊಡಲು ಒಪ್ಪಲಿಲ್ಲ. ಒಂದು ತಾಸು ಬೇಡಿಕೊಂಡ ಮೇಲೆ, ಬಟ್ಟೆ ಗೀರದಂತೆ ಕಲ್ಲನ್ನು ಸುತ್ತಬೇಕೆಂಬ ಷರತ್ತಿನ ಮೇಲೆ ಕೊಟ್ಟರು. ಸುತ್ತಲು ಗುಲಾಬಿ ಬಣ್ಣದ ಮಕ್ಕಳ ಕಂಬಳಿಯನ್ನೂ ಅವರೇ ಕೊಟ್ಟರು.

3.10ಕ್ಕೆ ರೈಲ್ವೆ ಮೈದಾನದ ಪಕ್ಕದ ರಸ್ತೆಯಲ್ಲಿ ಗಾಡಿ ಹಿಡಿದು ಓಡಿದೆ. ಸುಮಾರು 300 ಮೀಟರ್ ಜಲ್ಲಿಕಲ್ಲಿನ ದಾರಿ. ಕೊನೆಗೆ ಗಾಡಿಯನ್ನು ಬಲಕ್ಕೆ ವಾಲಿಸಿ ಕಂಬಳಿಯ ಗಂಟನ್ನು ನೆಲಕ್ಕೆ ಕೆಡವಿದೆ. ಅದನ್ನು ಎತ್ತದೆ, ಕುಕ್ಕರುಗಾಲಲ್ಲಿ ಕುಳಿತು ಗಾಲಿ ನೋಡಿದೆ. ಗಾಲಿ ನೆಟ್ಟಗಿತ್ತು. ಖುಷಿಯಾಗಿ ಜೋರಾಗಿ ನಕ್ಕೆ.

ಆಗ 15 ಅಡಿ ದೂರದಲ್ಲಿದ್ದ ಸೀತಾಬಾಯಿ ಎಂಬ ನಿವೃತ್ತ ಶಿಕ್ಷಕಿ, "ಏ ಬದ್ಮಾಶ್, ಕೂಸು ಬಿತ್ತಲ್ಲೋ! ಗಾಲಿ ಏನ್ ನೋಡಾಕತ್ತಿ?" ಎಂದು ಕೂಗಿ ಕೊಡೆಯಿಂದ ನನ್ನ ಬೆನ್ನಿಗೆ ಎರಡು ಏಟು ಹಾಕಿದರು. ನಾನು, "ಬಾಯಾರ, ಅದು ಕಲ್ಲು ಅದರಿ, ಅಳಂಗಿಲ್ಲ" ಎಂದೆ. ಅದಕ್ಕೆ ಅವರು ಮೂರನೆಯ ಏಟು ಹಾಕಿದರು. ಸುಮಾರು ಮೂವತ್ತು ಜನ ಸೇರಿದರು. ಬಿಚ್ಚಿ ನೋಡಿರೆಂದು ಬೇಡಿಕೊಂಡೆ. ಯಾರಿಗೂ ಕೈ ಬರಲಿಲ್ಲ. ನಾನೇ ಬಿಚ್ಚಲು ಹೋದರೆ ಹಿಡಿದುಕೊಂಡರು. 3.35ಕ್ಕೆ ಪೊಲೀಸ್ ಗಾಡಿ ಬಂತು. ಹೆಡ್ ಕಾನ್‌ಸ್ಟೆಬಲ್ ಅಣವೀರ ಅವರು ಕಂಬಳಿ ಬಿಚ್ಚಿದಾಗ ಒಳಗೆ ಕಲ್ಲುಗಳಿದ್ದವು. ಒಂದು ಒಡೆದಿತ್ತು. ಸೀತಾಬಾಯಿಯವರು ರಸ್ತೆಯಲ್ಲೇ ಕುಳಿತು ಅತ್ತರು. ಆಮೇಲೆ ಎದ್ದು, "ಖರೇ ಕೂಸು ಎಲ್ಲದ? ಕಣ್ಣಲೆ ನೋಡಿದ ಮ್ಯಾಲೇ ನಾ ಮನಿಗಿ ಹೋಗ್ತೀನಿ" ಎಂದು ಠಾಣೆಗೆ ಜೊತೆಯಲ್ಲೇ ಬಂದರು. ಅವರದು ತಪ್ಪಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹೊಡೆಯುತ್ತಿದ್ದೆ. ಅವರ ಮೇಲೆ ನನ್ನ ದೂರು ಇಲ್ಲ.

ಠಾಣೆಯಿಂದ ಫೋನ್ ಮಾಡಿದ್ದಕ್ಕೆ 4.25ಕ್ಕೆ ಅಕ್ಕ ಮಹೆವಿಶಳನ್ನು ಎತ್ತಿಕೊಂಡು, ಚೀಲಗಳ ಸಮೇತ ಠಾಣೆಗೆ ಬಂದಳು. ಬೂದಿ ಗಾಡಿ ನೋಡಿ, "ನೀಲಿ ಅಂದಿದ್ದೆ" ಎಂದು ಬೈದಳು. ಮಗುವನ್ನು ಕೂರಿಸಿದೆವು. ಕಾಲು ನೆಲಕ್ಕೆ ತಾಗಲಿಲ್ಲ. ಸೀತಾಬಾಯಿಯವರು ಠಾಣೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ತಳ್ಳಿದರು. ಗಾಡಿ ಯಾವ ಕಡೆಗೂ ಎಳೆಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅಕ್ಕ ಇಳಿ ಎಂದಾಗ ಮಹೆವಿಶ, "ಇಳಿದ್ರ ಬಿಟ್ಟು ಹೋಗ್ತೀರಿ" ಎಂದು ಎರಡೂ ಕೈಯಿಂದ ಗಾಡಿ ಹಿಡಿದುಕೊಂಡಳು. ಅಕ್ಕ ಆಮೇಲೆ ಬಣ್ಣದ ಮಾತು ಎತ್ತಲಿಲ್ಲ. ಬೂದಿ ಗಾಡಿಯನ್ನೇ ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಗೆ ಫೋನ್ ಮಾಡಿ ಹೇಳಿದಳು.

ಹೇಳಿಕೆಯನ್ನು ನಾನೇ ಓದಿ ನೋಡಿದೆ. ಒಂದು ಕಡೆ "ಬೇಗ ನಡೆದೆ" ಎಂದಿತ್ತು, "ಓಡಿದೆ" ಎಂದು ತಿದ್ದಿಸಿದ್ದೇನೆ. ಉಳಿದದ್ದು ನಡೆದ ಹಾಗೆಯೇ ಇದೆ, ನನ್ನ ಪರವಾಗಿ ಏನೂ ಸೇರಿಸಿಲ್ಲ. ರೈಲಿಗೆ ಇನ್ನು 35 ನಿಮಿಷ ಇದೆ, ಹೋಗಲು ಅನುಮತಿ ಸಿಕ್ಕಿದೆ. ನಡೆದದ್ದನ್ನೆಲ್ಲ ಸೀತಾಬಾಯಿಯವರಿಂದ ಕೇಳಿದ ಮಹೆವಿಶ, ಸ್ಟೇಷನ್ನಿನವರೆಗೆ ಯಾರು ಬೇಕಾದರೂ ತಳ್ಳಲಿ, "ಮಾಮಾ ಬ್ಯಾಡ" ಎಂದಿದ್ದಾಳೆ. ಚೀಲಗಳನ್ನು ನಾನು ಹೊರುತ್ತೇನೆ.

ಸ್ಥಳ: ವಾಡಿ
ದಿನಾಂಕ: 11-10-2025, ಸಂಜೆ 5.05
ರುಜು: ಮುದಸ್ಸಿರ್