ಮೆಟ್ಟಿಲ ಮೇಲಿನ ಒಣ ಗುರುತು

ಸಂಜೆ ಐದಕ್ಕೇ ಕತ್ತಲು ಕವಿದು, ಮಳೆ ಆಕಾಶಕ್ಕೆ ತೂತು ಬಿದ್ದಂತೆ ಸುರಿಯತೊಡಗಿದ ಮೇಲೆ, ಪಕ್ಕದ ಹೊಲಿಗೆಯಂಗಡಿಯವನೂ ಪುಸ್ತಕ ಕಟ್ಟುವ ಹೆಂಗಸೂ ಮನೆಗೆ ಹೋಗಲಾಗದೆ ಆ ಮನೆಯ ಮುಂದಿನ ಕೋಣೆಯಲ್ಲೇ ಕೂತುಬಿಟ್ಟರು. ಒಂದು ಕಾಲಕ್ಕೆ ಅದು ಮುದ್ರಣಾಲಯ. ಅಚ್ಚಿನ ಮೊಳೆ ಇಡುತ್ತಿದ್ದ ಮರದ ಖಾನೆಗಳಲ್ಲಿ ಈಗ ದಾರದುಂಡೆ, ಹಳೆಯ ಕ್ಯಾಲೆಂಡರು. ಮೂಲೆಯಲ್ಲಿ ಮನೆಯ ಸೊಸೆ ಪುಟ ಜೋಡಿಸುವ ಕಂಪ್ಯೂಟರು. ಕರೆಂಟು ಹೋಗಿದ್ದರಿಂದ ಅವಳಿಗೂ ಬಿಡುವು.

ಬಿಡುವೆಂದರೆ ಕೈಗೆ ಮಾತ್ರ. ಬಾಗಿಲವೀರನ ಕಾವ್ಯದ ಪುಟಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಏಳು ವರ್ಷದ ಮಗಳು ಮಧ್ಯಾಹ್ನದಿಂದ ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತಿದ್ದಳು. ಕೆಲಸಕ್ಕೆ ಹೊರಟಿದ್ದ ಅಪ್ಪ ಕರೆದರೂ ಬರಲಿಲ್ಲ, ಪುಸ್ತಕ ಕಟ್ಟುವ ಹೆಂಗಸು ಕೈ ಹಿಡಿದು ಎಳೆದರೂ ಕದಲಲಿಲ್ಲ. ಹಟದಲ್ಲಿ ಥೇಟ್ ಅಜ್ಜನೇ ಎಂದು ಹೊಲಿಗೆಯವನು ನಕ್ಕಿದ್ದ. ಈಗ ಇರಚಲು ಹೊಡೆಯತೊಡಗಿತ್ತು.

"ಇರಿ, ನಾನೇ ಕರೀತೀನಿ" ಎಂದು ಸೊಸೆ ಎದ್ದಳು.

ಮಾವ ಅವಳ ಮಣಿಕಟ್ಟು ಹಿಡಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವರಲ್ಲ.

"ಈಗಲೇ ಕರೀಬೇಡ ತಾಯಿ. ಕೂತ್ಕೊ. ಮೊದಲು ನಾನು ಹೇಳೋದು ಕೇಳು."

ಅವಳು ಕೂತಳು. ಮುದುಕರು ಬಾಗಿಲ ಕಡೆಯಿಂದ ಕಣ್ಣು ತೆಗೆಯದೆ ಶುರುಮಾಡಿದರು.

"ಬಾಗಿಲವೀರ ಯಾರಿಗೆ ಗೊತ್ತಿಲ್ಲ ಹೇಳಿ? ಶತ್ರುಗಳು ಬಂದಾಗ ತಾಯಿ ಅವನನ್ನ ಊರ ಬಾಗಿಲಲ್ಲಿ ನಿಲ್ಲಿಸಿ, ನಾನು ಕರೆಯೋ ತನಕ ಕದಲಬೇಡ ಅಂದ್ಲು. ಯುದ್ಧ ಮುಗೀತು, ತಾಯೀನೂ ಸತ್ತೋದ್ಲು... ಇನ್ನು ಕರೆಯೋರು ಯಾರು? ಅವನು ನಿಂತೇ ಇದ್ದ. ಹಾಡೋರು ಹಾಡಿದ್ರು, ನಾಟಕದೋರು ಆಡಿದ್ರು, ಪಾಠದ ಪುಸ್ತಕಕ್ಕೆ ಬಂದ, ಕೊನೆಗೆ ಬೆಂಕಿಪೊಟ್ಟಣದ ಮೇಲೂ ಬಂದ. ಒಂದೊಂದು ಕಾಲದೋರು ಒಂದೊಂದು ಅಂಗಿ ತೊಡಿಸಿದ್ರು, ಆದ್ರೆ ಕತೇನ ಮಾತ್ರ ಎಲ್ಲರೂ ಅವನು ನಿಂತಲ್ಲಿಗೇ ನಿಲ್ಲಿಸಿದ್ರು. ಯಾಕೆ ಗೊತ್ತಾ? ಬಾಗಿಲು ಖಾಲಿ ಇರಕೂಡದು. ಅವನನ್ನ ಕರೆದ್ರೆ, ಆ ಕರೆಗೆ ಯಾರು 'ಓ' ಅಂತಾರೋ ಅವರು ತಾವಿದ್ದ ಬಾಗಿಲಲ್ಲೇ ಅವನ ಬದಲಿಗೆ ನಿಲ್ಲಬೇಕು... ಹಾಗಂತ ಹಳಬರ ಮಾತು.

"ನಾವು ನಂಬಲಿಲ್ಲ. ಐವತ್ತೆರಡು ವರ್ಷದ ಹಿಂದೆ ಒಬ್ಬ ಕವಿ ಬಂದ, ಈ ಕತೆಗೊಂದು ಕೊನೆ ಬರೆದಿದ್ದ. ಕೊನೇ ಸಾಲಲ್ಲಿ ತಾಯಿ ಕರೀತಾಳೆ. ನಮ್ಮಣ್ಣ ಮೊಳೆ ಜೋಡಿಸಿದ, ಕರಡು ತಿದ್ದೋಕೆ ನಾನು ಗಟ್ಟಿಯಾಗಿ ಓದಬೇಕು. ಕರಡು ಓದೋದಕ್ಕೊಂದು ರೀತಿ ಇತ್ತು ಕಣಮ್ಮ. ಭಾವ ಗೀವ ಏನೂ ಹಾಕಬಾರದು. 'ಸಾಕು, ಅಲ್ಪವಿರಾಮ, ಮಗು, ಅಲ್ಪವಿರಾಮ, ಒಳಗೆ ಬಾ, ಪೂರ್ಣವಿರಾಮ.' ಹೀಗೆ, ಗೋಡೆಗೆ ಹೇಳಿದ ಹಾಗೆ. ರಸ ಬಂದ್ರೆ ತಪ್ಪು ಕಾಣಲ್ಲ ಅಂತ ಅಣ್ಣನೇ ಕಲಿಸಿದ್ದು. ಆ ದಿನ ನನಗೇನು ಗ್ರಹಚಾರವೋ... ನಮ್ಮಮ್ಮ ಹೋಗಿ ಒಂದು ವರ್ಷವಾಗಿತ್ತು. ಅಣ್ಣನನ್ನ ನಗಿಸೋಣ ಅಂತ ಅಮ್ಮನ ಧ್ವನಿ ತೆಗೆದು ಆ ಸಾಲು ಓದಿದೆ. ಅವನು ಕಾಗದದಿಂದ ತಲೆ ಎತ್ತದೆ 'ಓ, ಬಂದೆ' ಅಂದ.

"ಅಷ್ಟೇ. ಎದ್ದು ಹೋಗಿ ಆ ಮೆಟ್ಟಿಲ ಮೇಲೆ ನಿಂತ. ಮಾತಿಲ್ಲ, ಊಟ ಇಲ್ಲ. ಎಂಟು ದಿನ ನಾವೆಲ್ಲ ಹೆಸರು ಹಿಡಿದು ಕರೆದ್ವಿ, ಬಂದನಾ? ಒಂಬತ್ತನೇ ದಿನ ನೋಡಿದ್ರೆ ಅವನೇ ಇಲ್ಲ. ಮಳೆ ಹೊಡೀತಿತ್ತು, ಮೆಟ್ಟಿಲೆಲ್ಲಾ ಒದ್ದೆ, ಎರಡು ಪಾದದಷ್ಟು ಜಾಗ ಮಾತ್ರ ಒಣಗಿತ್ತು. ಅವತ್ತಿಂದ ಒಂದು ಮಳೆಯಲ್ಲೂ ಅದು ನೆನೆದಿಲ್ಲ. ನಾನು ಆ ಸಾಲು ಕಿತ್ತುಹಾಕಿ, ಖಾಲಿ ಬಿಟ್ಟು ಅಚ್ಚುಹಾಕಿದೆ. ಅಣ್ಣನನ್ನ ವಾಪಸ್ ಕರೆಯೋ ದಾರಿ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಇನ್ನೊಂದು ಸಲ ಓದಬೇಕು, ಯಾರಾದ್ರೂ 'ಓ' ಅನ್ನಬೇಕು. ಆಗ ನಿನ್ನ ಅತ್ತೆ ಬಸುರಿ. ಇವತ್ತು ಬೇಡ ನಾಳೆ, ನಾಳೆ ಬೇಡ ನಾಡಿದ್ದು... ಐವತ್ತೆರಡು ವರ್ಷ ಹೀಗೇ ಕಳೆದೆ. ನಾನು ಹೇಡಿ ಕಣಮ್ಮ."

ಸೊಸೆ ಕಂಪ್ಯೂಟರಿನ ಪಕ್ಕದಲ್ಲಿದ್ದ ಹಸ್ತಪ್ರತಿಯ ಕಡೆ ತಿರುಗಿದಳು. ಕವಿಯ ಮನೆಯವರು ಮರುಮುದ್ರಣಕ್ಕೆ ಕೊಟ್ಟ ಹಸ್ತಪ್ರತಿಯಲ್ಲಿ ಆ ಸಾಲಿತ್ತು. ಮಧ್ಯಾಹ್ನ ಮಾವ ಮಲಗಿದ್ದಾಗ ಕೊನೆಯ ಪುಟವನ್ನು ಅವಳೊಬ್ಬಳೇ ಗಟ್ಟಿಯಾಗಿ ಓದಿಕೊಂಡಿದ್ದಳು. ಓದುತ್ತ ಕಣ್ಣು ತುಂಬಿತ್ತು. ಹೊರಗೆ ಆಡುತ್ತಿದ್ದ ಮಗಳು ಯಾಕೋ "ಓ ಅಮ್ಮಾ, ಬಂದೆ" ಎಂದಿದ್ದಳು. ಬರಲಿಲ್ಲವಲ್ಲ ಎಂದು ಆಗ ಅವಳಿಗೆ ಅನ್ನಿಸಿಯೂ ಇರಲಿಲ್ಲ.

"ಮಧ್ಯಾಹ್ನ ನಿದ್ದೆಯಿಂದ ಎದ್ದು ನೋಡ್ತೀನಿ," ಎಂದರು ಮಾವ ಮೆಲ್ಲಗೆ, "ಅಣ್ಣ ಒಳಗೆ ಬಂದು ಆ ಖಾನೆಗಳ ಹತ್ತಿರ ಕೂತಿದ್ದ. ಹೋದಾಗಿನ ವಯಸ್ಸೇ. ಕಾಲು ಒತ್ತಿಕೊಳ್ತಾ ಇದ್ದ... ಆಮೇಲೆ ಕಾಣಲಿಲ್ಲ. ಈಗ ಮೆಟ್ಟಿಲು ನೋಡು."

ಅವಳು ನೋಡಿದಳು. ಇರಚಲು ಮಗುವಿನ ಮುಖಕ್ಕೇ ಹೊಡೆಯುತ್ತಿತ್ತು, ಆದರೆ ಕೂದಲಿನ ಒಂದೆಳೆಯೂ ನೆನೆದಿರಲಿಲ್ಲ. ನೀರು ಹರಿಯುತ್ತಿದ್ದ ಕಲ್ಲಿನ ಮೇಲೆ ಪುಟ್ಟ ಪಾದಗಳ ಸುತ್ತ ಅಷ್ಟೇ ಪುಟ್ಟದಾಗಿ ಎರಡು ಒಣ ಗುರುತು. ದೊಡ್ಡವು ಇರಲಿಲ್ಲ.

ಮಾವ ಕೋಲು ಗೋಡೆಗೆ ಒರಗಿಸಿಟ್ಟು, ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ಹತ್ತಿರ ಹೋದರು. ಹೊಲಿಗೆಯವನಿಗೂ ಪುಸ್ತಕ ಕಟ್ಟುವ ಹೆಂಗಸಿಗೂ ಬಾಯಿಗೆ ಸೆರಗೋ ಟವಲೋ ಏನಾದರೂ ಇಟ್ಟುಕೊಳ್ಳಿ, ಅಪ್ಪಿತಪ್ಪಿಯೂ ದನಿ ಹೊರಡಿಸಬೇಡಿ ಎಂದರು.

"ಈಗ ಓದು ತಾಯಿ, ಮನಸ್ಸಿಟ್ಟು ಓದು. 'ಓ' ಅನ್ನೋಕೆ ನಾನಿದ್ದೀನಿ. ಮಗು ಒಳಗೆ ಬಂದ್ಮೇಲೆ ಆ ಸಾಲು ಅಳಿಸಿಬಿಡು, ಯಾರೂ ನನ್ನನ್ನ ಕರೀಬೇಡಿ." ಮುದುಕರು ಸ್ವಲ್ಪ ನಕ್ಕರು. "ನನಗೇನು ಕಷ್ಟ ಆಗಲ್ಲ. ಮೊಳೆ ಜೋಡಿಸೋರು ನಾವು... ಜೀವಮಾನವೆಲ್ಲಾ ನಿಂತೇ ಕೆಲಸ ಮಾಡಿದೋರು."