ಹಳ್ಳಿ ಸ್ಟಾಪಿನಲ್ಲಿ ಬಿದ್ದ ಎರಡು ಪೆಟ್ಟು

ನನ್ನ ಹೆಸರು ನಾರ್ಬರ್ಟ್ ಕ್ರಾಸ್ತಾ, ವಯಸ್ಸು ನಲವತ್ತೇಳು, ಊರು ಮಂಗಳೂರು, ವಾಸ ದುಬೈನ ಅಲ್ ಕುಸೈಸ್. ಪ್ರವಾಸಿಗರ ಉದ್ಯಾನದಲ್ಲಿ ಓಡುವ ಹಳೆಯ ವಿದ್ಯುತ್ ಟ್ರಾಮಿನ, 'ಹಳ್ಳಿ' ಎಂದು ಹೆಸರಿಟ್ಟ ಸ್ಟಾಪಿನಲ್ಲಿ ಟಿಕೆಟ್ ಕೊಡುವ ಕೆಲಸ. ದುಭಾಷಿಯನ್ನು ಕೂರಿಸಿಕೊಂಡು ಪೊಲೀಸರು ಕೇಳಿದ್ದಕ್ಕೆ ನಾನು ತಿಳಿಸುವುದು ಇಷ್ಟು.

ಟ್ರಾಮಿನ ಡ್ರೈವರ್ ಇದಿನಬ್ಬ ನನ್ನ ಊರಿನವನು. ಹಿಂದೆ ಮಂಗಳೂರಿನ ಒಂದೇ ಸಿಟಿ ಬಸ್ಸಿನಲ್ಲಿ ಅವನು ಡ್ರೈವರ್, ನಾನು ಕಂಡಕ್ಟರ್. ಜನ ಹತ್ತಿದ ಮೇಲೆ ಹಸಿರು ಬಾವುಟ ತೋರಿಸಬೇಕೆಂಬುದು ಇಲ್ಲಿಯ ನಿಯಮ. ಆದರೆ ಸ್ಟಾಪು ತಿರುವಿನಲ್ಲಿದೆ, ಬಾವುಟ ಡ್ರೈವರಿಗೆ ಕಾಣದು. ಹಾಗಾಗಿ ಬಸ್ಸಿಗೆ ಬಡಿಯುತ್ತಿದ್ದಂತೆ ಟ್ರಾಮಿನ ತಗಡಿಗೂ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದೆ. ಎರಡು ಪೆಟ್ಟೆಂದರೆ ರೈಟ್, ಹೊರಡು ಎಂದರ್ಥ. ನಮ್ಮಿಬ್ಬರಿಗೆ ಅಷ್ಟು ಸಾಕಿತ್ತು.

ನಿನ್ನೆ ಶುಕ್ರವಾರ ಸಂಜೆ 5.10ಕ್ಕೆ ಟ್ರಾಮ್ ಬಂದು ನಿಂತಿತು. ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ವೆಂಕಟರಾಮಯ್ಯ ಎಂಬ ಹಿರಿಯರು ಉಳಿದವರ ನಂತರ ಹತ್ತಲು ಹೋದರು. ಹಿಂದೆ ಮಗಳು ಇಂದ್ರಾಣಿ ಇದ್ದರು. ಹಿರಿಯರ ಬಲಗಾಲು ಮೆಟ್ಟಿಲಿಗೂ ಕಟ್ಟೆಗೂ ನಡುವೆ ಜಾರಿ ಸಿಕ್ಕಿಕೊಂಡಿತು. ನಾನು ಎಂಟು ಮೀಟರ್ ದೂರದ ಟಿಕೆಟ್ ಕಿಟಕಿಯಿಂದ ಎದ್ದು ಓಡಿದೆ. ಅಷ್ಟರಲ್ಲಿ ಇಂದ್ರಾಣಿಯವರು ಡ್ರೈವರಿಗೆ ತಿಳಿಯಲೆಂದು ತಗಡಿಗೆ ಜೋರಾಗಿ ಬಡಿದರು. ಎರಡು ಸಲ. ಟ್ರಾಮ್ ಹೊರಟಿತು. ನಾನು ಕೂಗಿಕೊಂಡದ್ದು ಉದ್ಯಾನದ ಸಂಗೀತದ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಹಿರಿಯರನ್ನು ಆರು ಮೀಟರ್ ಎಳೆದುಕೊಂಡು ಹೋದ ಮೇಲೆ ನಿಂತಿತು. ಹಿರಿಯರು ಆಸ್ಪತ್ರೆಯಲ್ಲಿ ತೀರಿಕೊಂಡರು.

ಟ್ರಾಮ್ ನಿಂತೊಡನೆ ಇದಿನಬ್ಬ ಇಳಿದು ಬಂದು, "ರೈಟ್ ಕೊಟ್ಟದ್ದು ನೀನಲ್ವಾ ಮಾರಾಯಾ?" ಎಂದು ಕೇಳಿದ. ಇಂದ್ರಾಣಿಯವರು ಪಕ್ಕದಲ್ಲೇ ಇದ್ದರು. ಅವರೆದುರು ನಿಜ ಹೇಳಲಾಗದೆ ನಾನು ಹಿರಿಯರ ಕಾಲು ಬಿಡಿಸಲು ಬಗ್ಗಿದೆ.

ಸನ್ನೆ ಇಲ್ಲದೆ ಹೊರಟನೆಂದು ಅವನನ್ನು ಬಂಧಿಸಿದ್ದಾರೆ. ನಾನೂ ಹಾಗೆಯೇ ಹೇಳಬೇಕೆಂದು ನಮ್ಮ ಸೂಪರ್‌ವೈಸರ್ ಕಿವಿಯೂದಿದ್ದಾರೆ. ಅದು ಶುದ್ಧ ಸುಳ್ಳು, ನಾನು ಹೇಳುವವನಲ್ಲ.

ಇಂದು ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ ಇಂದ್ರಾಣಿಯವರು ನನ್ನ ಕೈ ಹಿಡಿದು, "ಅಷ್ಟು ಜೋರಾಗಿ ಬಡಿದೆ, ಅವನಿಗೆ ಕೇಳಿಸಲೇ ಇಲ್ವಲ್ಲ" ಎಂದು ಅತ್ತರು. ಈ ಹೇಳಿಕೆಯನ್ನು ಅವರಿಗೆ ತೋರಿಸಬೇಡಿ ಎಂದು ಅಧಿಕಾರಿಗಳನ್ನು ಬೇಡಿಕೊಂಡೆ. ಇಂದ್ರಾಣಿಯವರನ್ನು ವಿಚಾರಿಸದೆ ಇದಿನಬ್ಬನನ್ನು ಬಿಡಲಾಗದೆಂದು ತಿಳಿಸಿದರು. ತಪ್ಪು ಅವರದಲ್ಲ, ರೂಢಿ ಹಾಕಿದ ನಮ್ಮದು ಎಂದೂ ಬರೆದುಕೊಳ್ಳಬೇಕು.

ಬರೆದದ್ದನ್ನು ಓದಿಸಿ ಕೇಳಿದೆ. ಎಲ್ಲವೂ ನಾನು ಕಣ್ಣಾರೆ ಕಂಡದ್ದು, ತಿದ್ದುವುದೇನಿಲ್ಲ. ಆ ಎರಡು ಪೆಟ್ಟಿನ ಅರ್ಥವನ್ನು ಇಂದ್ರಾಣಿಯವರಿಗೆ ಹೇಳುವ ಕೆಲಸ ದುಭಾಷಿಗೆ ಬೇಡ. ಅವರು ಹೊರಗೆ ಕೂತಿದ್ದಾರೆ, ಸಹಿ ಹಾಕಿ ನಾನೇ ಹೋಗಿ ಹೇಳುತ್ತೇನೆ.

ದುಬೈ, 21 ಜನವರಿ 2017
(ಸಹಿ) ನಾರ್ಬರ್ಟ್ ಕ್ರಾಸ್ತಾ