ಎಳೆದು ನೋಡಿ

ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಬೇಡಿ, ಅಳಿಯಂದಿರೇ. ಗಾಳಿ ಬೀಸಿದರೆ ಬೆಸುಗೆ ಐರನ್ನಿನ ತುದಿಯಲ್ಲಿ ಬಿಸಿ ನಿಲ್ಲೋದಿಲ್ಲ. ಸೆಕೆ ಆದರೆ ಆಗಲಿ... ನಾನೂ ಬೆವರ್ತಾ ಇದ್ದೀನಿ.

ಹೂಂ. ಅಂಗಡಿ ನಿಮ್ಮ ಕೈಗೆ ಕೊಟ್ಟು ನಾನು ಮನೇಲಿ ಜಪ ಮಾಡ್ಕೊಂಡು ಕೂರಬೇಕು ಅಂತೀರಿ. ಮಾತು ನಿಮ್ಮದು, ಹೇಳಿಕೊಟ್ಟವಳು ನನ್ನ ಮಗಳು. ದೇವರಿಗೆ ನಾನು ಬೆಳಗಿನ ಹೊತ್ತು ಕೊಟ್ಟೇ ಬರ್ತೀನಿ. ದಿನವಿಡೀ ಕೂಗಿ ಕರೆದರೆ ಅವನಿಗೂ ಬೇಸರ ಆಗೋದಿಲ್ಲವೇ, ಅವನಿಗೂ ನೂರೆಂಟು ಕೆಲಸ... ಯಾಕೆ ನಗ್ತೀರಿ? ನಗೋ ಮಾತಲ್ಲ ಇದು.

ಅಪ್ಪನ ಕಣ್ಣು ಮಂಜಾಗಿದೆ ಅಂದಳಾ? ಹೊಸ್ತಿಲು ಎಡವಿದ್ದು ನಿಜ... ಹೊಸ್ತಿಲೇ ಎತ್ತರ. ಲೋಟ ಉರುಳಿತು... ಅವಳು ಅಂಚಿಗೆ ಇಟ್ಟಿದ್ದಳು. ಏನಂದಿರಿ, ಬೆರಳ ಮೇಲಿನ ಬೊಬ್ಬೆಯಾ? ಕಾದ ಐರನ್ ಹಿಡಿಯೋನ ಬೆರಳಲ್ಲಿ ಬೊಬ್ಬೆ ಬಿಟ್ಟು ಮಲ್ಲಿಗೆ ಅರಳುತ್ತಾ?

ಈ ಬೋರ್ಡು ದರ್ಜಿಯಮ್ಮನ ಹೊಲಿಗೆ ಮಿಷನ್ನಿಂದು. ಯಾರೋ ಪುಣ್ಯಾತ್ಮ ಸೀಸ ಕರಗಿಸಿ ವೈರಿನ ಮೇಲೆ ತೊಟ್ಟಿಕ್ಕಿಸಿ ಕಳಿಸಿದ್ದ. ಮೇಲೆ ಕೂತಿತ್ತು ಅಷ್ಟೇ, ಹಿಡಿದಿರಲಿಲ್ಲ. ಮೊದಲು ತಾಮ್ರ ಕಾಯಬೇಕು, ಅಳಿಯಂದಿರೇ. ಬೋರ್ಡಿನ ತಾಮ್ರ, ವೈರಿನ ತಾಮ್ರ, ಎರಡೂ. ಆಗ ಸೀಸ ಮುಟ್ಟಿಸಿದರೆ ತಾನಾಗೇ ಹರಿದು ಒಳಗೆ ಇಳಿಯುತ್ತೆ. ಹಾಂ? ಇಳಿದಿದ್ದು ಹೇಗೆ ಗೊತ್ತಾಯಿತು ಅಂತೀರಾ... ಬೆಸುಗೆ ಪೇಸ್ಟಿನ ಹೊಗೆ ವಾಸನೆ ಬದಲಾಗುತ್ತೆ. ಉಗುರಿಗೆ ನುಣುಪು ಸಿಗುತ್ತೆ. ಸಾಲದೇ?

ವೈರು ತುಂಡಾಗೋದು ಬೆಸುಗೆಯಲ್ಲಲ್ಲ, ಬೆಸುಗೆಯ ಪಕ್ಕದಲ್ಲಿ. ಅಲುಗಿ ಅಲುಗಿ ಅಲ್ಲೇ ಸವೆಯುತ್ತೆ. ಅದಕ್ಕೇ ನಾನು ಪಕ್ಕದ ತೂತಿನಲ್ಲಿ ಒಂದು ಸುತ್ತು ತೂರಿಸಿ, ಅಂಟು ಹಾಕಿ, ಆಮೇಲೆ ಬಿಡೋದು. ನಿಮ್ಮಂಥ ಅವಸರದವರಿಗೆ ಆ ಸುತ್ತು ದಂಡ. ಜಗ್ಗಿದಾಗ ಏಟು ತಿನ್ನೋದು ಆ ಸುತ್ತು, ಬೆಸುಗೆ ಅಲ್ಲ.

ತಗೊಳ್ಳಿ. ಎಳೀರಿ. ನೆಂಟಸ್ತಿಕೆ ನೋಡಬೇಡಿ, ವೈರು ಹಿಡಿದು ಬಲ ಹಾಕಿ ಎಳೀರಿ. ಕಿತ್ತು ಬಂದರೆ ಅಂಗಡಿ ಬೀಗದ ಕೈ ಈಗಲೇ ನಿಮ್ಮದು, ನಾಳೆಯಿಂದ ನಾನು ಮನೆಯಲ್ಲಿ. ಬರಲಿಲ್ಲವೋ, ಅಂಗಡಿ ಬಿಡೋ ಮಾತು ಇವತ್ತಿಗೆ ಮುಗೀತು. ಮಗಳಿಗೂ ಹಾಗೇ ಹೇಳಿ.

ತಗೊಳ್ಳಿ ಅಂದೆ... ಎಷ್ಟು ಹೊತ್ತು ಅಂತ ಕೈ ಚಾಚಿರಲಿ?

ಮುನಿಸಾ? ಮಾವನ ಮಾತು ಖಾರ ಆಯಿತಾ? ನನ್ನ ನಾಲಿಗೆ ಇದ್ದಿದ್ದೇ ಹೀಗೆ, ಈಗ ತಿದ್ದೋಕಾಗಲ್ಲ. ಬಾಯಿಬಿಟ್ಟು ಏನಾದರೂ ಅನ್ನಿ.

ಅಳಿಯಂದಿರೇ...

ನಿಮ್ಮ ಕುರ್ಚಿ ಕಿರುಗುಟ್ಟಲಿಲ್ಲ. ಬಾಗಿಲ ಸದ್ದೂ ಆಗಲಿಲ್ಲ. ಹೋಗಿಲ್ಲ ನೀವು, ಇಲ್ಲೇ ಇದ್ದೀರಿ... ಇಲ್ಲೇ, ಎದುರಿಗೇ ಇದ್ದೀರಿ ಅಲ್ಲವಾ?

ನನ್ನ ಕಣ್ಣಿಗೇನೂ ಆಗಿಲ್ಲ. ಯಾವ ಕಡೆ ಇದ್ದೀರಿ... ಅದೊಂದು ಹೇಳಿ.